ಗುಬ್ಬಿ ವೀರಣ್ಣನ ಕಂಪನಿ ಯಾಕೆ ಉಳಿಯಲಿಲ್ಲ? ನಮ್ಮೂರ ಕುರುಕ್ಷೇತ್ರ ಯಾಕೆ ನಿಂತಿಲ್ಲ?

ಶಿವರಾತ್ರಿ ಕಳೆದು ಮುಂಗಾರು ಹಿಡಿಯುವವರೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಸುಮ್ಮನೆ ಒಂದು ಸುತ್ತು ಹಾಕಿ ಬನ್ನಿ. ಎಲ್ಲೋ ಒಂದು ಕಡೆ ಹಾರ್ಮೋನಿಯಂ ಕೇಳಿಸುತ್ತೆ. ಸರ್ಕಾರಿ ಶಾಲೆ ಮೈದಾನದಲ್ಲಿ ಬಾಡಿಗೆ ಸೀನರಿ ಎದ್ದಿರುತ್ತೆ, ಹಿಂದೆ ಅರಮನೆಯ ಪರದೆ, ಮುಂದೆ ಕಿರೀಟ ಹೊತ್ತ ದುರ್ಯೋಧನ. ಹಗಲು ಆ ದುರ್ಯೋಧನ ಟ್ರಾಕ್ಟರ್ ಓಡಿಸ್ತಾನೆ, ಇಲ್ಲಾ ಬೆಂಗಳೂರಿನ ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಕೊನೆ ಬಸ್ಸಿಗೆ ಬಂದಿರ್ತಾನೆ. ಆ ಪಾತ್ರಕ್ಕೆ ಅವನಿಗೆ ಯಾರೂ ಸಂಬಳ ಕೊಡಲ್ಲ. ಅವನೇ ಕೈಯಿಂದ ಸಾವಿರಾರು ರೂಪಾಯಿ ಹಾಕಿ ಪಾತ್ರ ತಗೊಂಡಿರ್ತಾನೆ.

ನಾನು ಹುಟ್ಟಿ ಬೆಳೆದದ್ದು ಈ ಸೀಮೆಯಲ್ಲೇ. ಶಿಕ್ಷಣ ಇಲಾಖೆ ಈ ನಾಲ್ಕು ತಾಲ್ಲೂಕು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತ ಮಾಡಿದೆ. ಕಂದಾಯ ಜಿಲ್ಲೆ ಆಗಬೇಕು ಅನ್ನೋ ಬೇಡಿಕೆ ಹಾಗೇ ಇದೆ. ಮಳೆ ನಂಬಿದ ಶೇಂಗಾ, ಬತ್ತಿದ ಬೋರ್‌ವೆಲ್, ಊರು ಬಿಡೋ ಹುಡುಗರು, ಇದು ನಮ್ಮ ಕಡೆಯ ಸುದ್ದಿ. ಆದರೆ ಇಂಥ ಬರದ ನಾಡಿನಲ್ಲಿ ಜನ ಸಾಲ ಮಾಡಿ ಯಾಕೆ ನಾಟಕ ಆಡ್ತಾರೆ ಅಂತ ಯಾರೂ ಕೇಳಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಸಿಗುವ ಮನುಷ್ಯ ನಮ್ಮದೇ ಜಿಲ್ಲೆಯವನು, ಗುಬ್ಬಿ ವೀರಣ್ಣ. ಅವನ ಹೆಸರು ಎಲ್ಲರಿಗೂ ಗೊತ್ತು. ಪ್ರಶಸ್ತಿಗೆ ಅವನ ಹೆಸರಿದೆ, ಸಭಾಂಗಣಕ್ಕೆ ಅವನ ಹೆಸರಿದೆ. ಬದುಕು ಮಾತ್ರ ನಮ್ಮ ತಲೆಮಾರಿಗೆ ಗೊತ್ತಿಲ್ಲ.

ರೈಲು ಬಂದ ವರ್ಷ, ಕಂಪನಿ ಹುಟ್ಟಿದ ವರ್ಷ

1884. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು ಅದೇ ವರ್ಷ. ತುಮಕೂರಿನ ಪಕ್ಕದ ಗುಬ್ಬಿ ಆಗ ವ್ಯಾಪಾರದ ಊರು, ಸಂತೆಗೆ ಹೆಸರಾದ ಊರು. ಅಲ್ಲಿ ಅದೇ ವರ್ಷ ಒಂದು ನಾಟಕ ಸಂಘ ಶುರುವಾಯ್ತು. ಊರ ದೇವರು ಚನ್ನಬಸವೇಶ್ವರನ ಹೆಸರಿಟ್ಟರು. ಶುರು ಮಾಡಿದವರಲ್ಲಿ ಮುಖ್ಯರಾಗಿ ನೆನೆಯುವ ಹೆಸರುಗಳು ಎರಡು: ಚಂದಣ್ಣ ಮತ್ತು ಅಬ್ದುಲ್ ಅಜೀಜ್ ಸಾಹೇಬ. ಶರಣನ ಹೆಸರಿನ ನಾಟಕ ಮಂಡಳಿಯನ್ನು ಕಟ್ಟಿದವರಲ್ಲಿ ಒಬ್ಬ ಸಾಹೇಬ್ರು ಇದ್ದರು. ಅದರಲ್ಲಿ ಆಶ್ಚರ್ಯ ಪಡುವಂಥದ್ದು ಏನಾದರೂ ಇದೆ ಅಂತ ಆ ಕಾಲದ ಗುಬ್ಬಿಗೆ ಅನ್ನಿಸಿರಲಾರದು. ಜಾತ್ರೆಯಲ್ಲಿ ಯಾರು ಅಂಗಡಿ ಹಾಕಬಾರದು ಅಂತ ಬ್ಯಾನರ್ ಕಟ್ಟುವ ನಮ್ಮ ಕಾಲಕ್ಕೆ ಮಾತ್ರ ಅದು ಸುದ್ದಿ.

ಕಂಪನಿ ಹುಟ್ಟಿ ಏಳು ವರ್ಷಕ್ಕೆ, 1891ರ ಜನವರಿ 24ರಂದು ವೀರಣ್ಣ ಹುಟ್ಟಿದ. ಅವನಿಗಿಂತ ಕಂಪನಿಯೇ ಹಿರಿದು. ಬಹಳ ಜನ ಗುಬ್ಬಿ ಕಂಪನಿಯನ್ನು ವೀರಣ್ಣನೇ ಹುಟ್ಟುಹಾಕಿದ ಅಂದುಕೊಂಡಿದ್ದಾರೆ. ಹಾಗಲ್ಲ. ಅವನು ಅದರೊಳಗೆ ಬೆಳೆದವನು. ಎಳೆ ಹುಡುಗನಾಗಿದ್ದಾಗಲೇ ಬಾಲಪಾತ್ರಕ್ಕೆ ಸೇರಿದ. ಶಾಲೆಯಲ್ಲಿ ಕಲಿತದ್ದಕ್ಕಿಂತ ಪರದೆ ಹಿಂದೆ ಕಲಿತದ್ದೇ ಹೆಚ್ಚು. ಹಾಡು, ಹೆಜ್ಜೆ, ಬಣ್ಣ, ಪರದೆ ಎಳೆಯೋದು, ಗ್ಯಾಸ್ ಲೈಟ್ ಹಚ್ಚೋದು, ಹಣದ ಲೆಕ್ಕ, ಎಲ್ಲವನ್ನೂ ಕೆಳಗಿನಿಂದ ಕಲಿತು ಮೇಲೆ ಬಂದ. 1917ರ ಹೊತ್ತಿಗೆ ಕಂಪನಿ ಅವನ ಕೈಗೆ ಬಂತು. ಆಗ ಅವನಿಗೆ ಇಪ್ಪತ್ತಾರು ವರ್ಷ. ಇವತ್ತಿನ ಲೆಕ್ಕದಲ್ಲಿ ಕೆಪಿಎಸ್‌ಸಿ ಪರೀಕ್ಷೆ ಮುಂದೂಡಿದರು ಅಂತ ಪ್ರತಿಭಟನೆಗೆ ಕೂತಿರುವ ವಯಸ್ಸು.

ಆ ಕಾಲದ ಕನ್ನಡ ರಂಗಭೂಮಿಯಲ್ಲಿ ದೊಡ್ಡ ದೊಡ್ಡ ಹೆಸರುಗಳಿದ್ದವು. ಮೈಸೂರಿನ ವರದಾಚಾರ್ಯರು ಹಾಡಿದರೆ ಜನ ಮರುಳಾಗ್ತಿದ್ದರು. ಮಹಮದ್ ಪೀರ್ ಸಾಹೇಬರ ಅಭಿನಯಕ್ಕೆ ಬೇರೆಯದೇ ಗತ್ತಿತ್ತು. ಬೆಂಗಳೂರಿನ ಓದಿದ ಮಂದಿಗೆ ಕೈಲಾಸಂ ಬಂದರು, ಮನೆಯೊಳಗಿನ ಮಾತನ್ನೇ ನಾಟಕ ಮಾಡಿದರು. ಇವರ ನಡುವೆ ವೀರಣ್ಣನ ದಾರಿ ಬೇರೆ. ಅವನು ಹಾಡುಗಾರನಾಗಿ ದೊಡ್ಡವನಾಗಲಿಲ್ಲ, ಪಂಡಿತನೂ ಅಲ್ಲ. ಅವನು ಹಾಸ್ಯ ನಟ. ಅದಕ್ಕಿಂತ ಹೆಚ್ಚಾಗಿ ಸಂಸ್ಥೆ ನಡೆಸಲು ಗೊತ್ತಿದ್ದವನು. ಕಲೆಯ ಚರಿತ್ರೆ ಬರೆಯುವವರು ಎರಡನೇ ಗುಣವನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡ್ತಾರೆ. ನನಗೆ ಅದೇ ಮುಖ್ಯ ಅನ್ಸುತ್ತೆ.

ಮೊಕ್ಕಾಂ ಅನ್ನೋ ಆರ್ಥಿಕತೆ

ಕಂಪನಿ ನಾಟಕ ಅಂದರೆ ಒಂದು ಚಲಿಸುವ ಊರು. ಜಾತ್ರೆ, ದಸರಾ, ಸುಗ್ಗಿ, ಎಲ್ಲಿ ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡ್ತಿದೆ ಅಂತ ನೋಡಿ ಅಲ್ಲಿಗೆ ಮೊಕ್ಕಾಂ ಹಾಕಬೇಕು. ಊರ ಹೊರಗಿನ ಬಯಲಲ್ಲಿ ಬಿದಿರು, ತಟ್ಟಿ, ಜಿಂಕ್ ಶೀಟಿನ ಥಿಯೇಟರ್ ಏಳಬೇಕು. ನೆಲ, ಬೆಂಚು, ಕುರ್ಚಿ ಅಂತ ದರ. ಹೆಂಗಸರಿಗೆ ಬೇರೆ ಜಾಗ. ಸಂಜೆ ಎತ್ತಿನ ಗಾಡಿಯಲ್ಲಿ ಬ್ಯಾಂಡು ಬಾರಿಸಿಕೊಂಡು ಕರಪತ್ರ ಹಂಚಬೇಕು. ರಾತ್ರಿ ಊಟದ ಹೊತ್ತು ಕಳೆದು ಶುರುವಾದ ಆಟ ಬೆಳಗಿನ ಜಾವಕ್ಕೆ ಮುಗಿಯಬೇಕು. ಜನ ಒನ್ಸ್ ಮೋರ್ ಅಂದರೆ ಸತ್ತ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕು.

ಕಲೆಕ್ಷನ್ ಚೆನ್ನಾಗಿದ್ದರೆ ತಿಂಗಳುಗಟ್ಟಲೆ ಅದೇ ಊರು. ಬಿತ್ತೋ, ಗಂಟುಮೂಟೆ ಕಟ್ಟಿ ರೈಲಿಗೆ ಏರಿಸಬೇಕು. ಪರದೆ, ಪೆಟ್ಟಿಗೆ, ಪಾತ್ರೆ, ಮಕ್ಕಳು, ಮುದುಕರು, ಅಡುಗೆಯವರು, ಎಲ್ಲರೂ. ನಾಟಕ ಇದ್ದರೂ ಇಲ್ಲದಿದ್ದರೂ ನೂರಾರು ಜನಕ್ಕೆ ಎರಡು ಹೊತ್ತು ಒಲೆ ಉರಿಯಬೇಕು. ಮಳೆಗಾಲ ಬಂತು ಅಂದರೆ ತಟ್ಟಿ ಥಿಯೇಟರ್ ಸೋರುತ್ತೆ, ಟಿಕೆಟ್ ಹರಿಯಲ್ಲ, ಒಲೆ ಮಾತ್ರ ಆರುವ ಹಾಗಿಲ್ಲ. ಪ್ಲೇಗು ಬಂದ ಕಾಲ, ಎರಡು ಮಹಾಯುದ್ಧಗಳ ಕಾಲ, ಬರದ ಕಾಲ ಇವೆಲ್ಲದರ ನಡುವೆ ವೀರಣ್ಣ ಈ ಒಲೆಯನ್ನು ಉರಿಸಿದ. ಸರ್ಕಾರದ ಅನುದಾನ ಅನ್ನೋ ಪದವೇ ಇಲ್ಲದ ಕಾಲ ಅದು. ಅರಸರ ಮೆಚ್ಚುಗೆ ಇತ್ತು, ಮೈಸೂರು ಆಸ್ಥಾನದಿಂದ ನಾಟಕರತ್ನ ಬಿರುದು ಬಂತು. ಆದರೆ ಬಿರುದಿನಿಂದ ಅಕ್ಕಿ ಬರಲ್ಲ. ಅಕ್ಕಿ ಬಂದದ್ದು ನೆಲದ ಟಿಕೆಟಿನವರಿಂದ.

ಇಲ್ಲಿ ಒಂದು ರಾಜಕೀಯ ಇದೆ. ದೇವಸ್ಥಾನದ ಒಳಗೆ ಎಲ್ಲರಿಗೂ ಜಾಗ ಇಲ್ಲದ ಕಾಲದಲ್ಲಿ ಕಂಪನಿ ಥಿಯೇಟರ್ ಕಾಸಿಗೆ ಜಾಗ ಕೊಡ್ತಿತ್ತು. ಸಮಾನತೆ ಅಂತ ಇದನ್ನು ಕರೆಯಲಾರೆ, ಯಾಕಂದ್ರೆ ನೆಲ ನೆಲವೇ, ಕುರ್ಚಿ ಕುರ್ಚಿಯೇ. ಆದರೆ ಅದೇ ಕೃಷ್ಣ, ಅದೇ ಕರ್ಣ, ಅದೇ ಹಾಡು ಇಬ್ಬರಿಗೂ ಕೇಳಿಸ್ತಿತ್ತು. ಅಕ್ಷರ ಗೊತ್ತಿಲ್ಲದವನೂ ಭಾರತದ ಕಥೆಯ ಬಗ್ಗೆ ವಾದ ಮಾಡುವಂತಾದದ್ದು ಹಿಂದೆ ಬಯಲಾಟದಿಂದ, ಆಮೇಲೆ ಇಂಥ ಕಂಪನಿಗಳಿಂದ. ನಮ್ಮ ಕಡೆ ಮೂಡಲಪಾಯ ಆಡ್ತಿದ್ದವರ ಮೊಮ್ಮಕ್ಕಳೇ ಸೀನರಿ ನಾಟಕಕ್ಕೆ ಬಂದವರು. ಹೆಜ್ಜೆ ಕಡಿಮೆಯಾಯ್ತು, ಹಾರ್ಮೋನಿಯಂ ಬಂತು.

ಗುಬ್ಬಿ ಕಂಪನಿ ಕನ್ನಡದ ಗಡಿ ದಾಟಿ ತೆಲುಗು, ತಮಿಳು ಸೀಮೆಯಲ್ಲೂ ಮೊಕ್ಕಾಂ ಹಾಕ್ತಿತ್ತು. ತೆಲುಗಿನಲ್ಲೂ ನಾಟಕ ಆಡ್ತಿತ್ತು. ಹೆಚ್ಚು ಕಡಿಮೆ ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದವರಿಗೆ ಇದು ವಿಶೇಷ ಅನ್ನಿಸಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನಾಟಕದಲ್ಲಿ ಎರಡೂ, ಅದು ಅವರ ಸಹಜ ಬದುಕು. ಕನ್ನಡಕ್ಕೆ ಇಷ್ಟು ದೊಡ್ಡ ಸಂಸ್ಥೆ ಕಟ್ಟಿದ ಮನುಷ್ಯ ಬೇರೆ ಭಾಷೆಯನ್ನು ಶತ್ರು ಅಂದುಕೊಂಡಿರಲಿಲ್ಲ. ಭಾಷೆಯ ಹೋರಾಟದಲ್ಲಿರುವ ಗೆಳೆಯರು ಇದನ್ನೂ ಲೆಕ್ಕಕ್ಕೆ ತಗೋಬೇಕು.

ಕಳ್ಳನ ಪಾತ್ರ

ವೀರಣ್ಣ ರಾಜನ ಪಾತ್ರದಿಂದ ಜನಪ್ರಿಯನಾದವನಲ್ಲ. ಜನ ಅವನನ್ನು ನೆನೆಯುವುದು 'ಸದಾರಮೆ' ನಾಟಕದ ಕಳ್ಳನಾಗಿ. 1935ರಲ್ಲಿ ಅದು ಸಿನಿಮಾ ಆದಾಗಲೂ ಅವನು ಅದರಲ್ಲಿದ್ದ. ಕಳ್ಳನ ಪಾತ್ರದ ಗುಟ್ಟು ಏನಪ್ಪಾ ಅಂದ್ರೆ, ಅವನು ರಂಗದ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು. ರಾಜನ ಮಾತು ಬರೆದಿಟ್ಟದ್ದು, ರಾಣಿಯ ಮಾತು ಬರೆದಿಟ್ಟದ್ದು. ಕಳ್ಳನ ಮಾತು ಮಾತ್ರ ಆ ದಿನದ್ದು, ಆ ಊರಿನದ್ದು. ಮೊಕ್ಕಾಂ ಹಾಕಿದ ಊರಿನ ಅಮಲ್ದಾರ, ಸಾಹುಕಾರ, ಡಾಂಭಿಕ ಯಾರೇ ಇರಲಿ, ಹಾಸ್ಯಗಾರನ ನಾಲಿಗೆಗೆ ಸಿಕ್ಕಬಹುದಿತ್ತು. ಕಂಪನಿ ನಾಟಕದ ಹಾಸ್ಯಕ್ಕೆ ಆ ಸ್ವಾತಂತ್ರ್ಯ ಇತ್ತು. ಮುಂದೆ ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ' ಆಡಿ ಮಂತ್ರಿಗಳನ್ನೇ ಎದುರು ಕೂರಿಸಿಕೊಂಡು ತಮಾಷೆ ಮಾಡಿದ್ದು ಇದೇ ಪರಂಪರೆಯ ಮುಂದುವರಿಕೆ.

ಈಗ ಸ್ಟ್ಯಾಂಡಪ್ ಮಾಡುವ ಹುಡುಗರ ಮೇಲೆ ಒಂದು ಜೋಕಿಗೆ ಎಫ್‌ಐಆರ್ ಬೀಳುತ್ತೆ. ನೂರು ವರ್ಷದ ಹಿಂದೆ ಅರಸೊತ್ತಿಗೆಯ ಕೆಳಗೆ ಇದ್ದಷ್ಟು ಸಲಿಗೆ ಈಗ ಪ್ರಜಾಪ್ರಭುತ್ವದಲ್ಲಿ ಇಲ್ಲವಾ ಅಂತ ಕೇಳಿಕೊಂಡರೆ ತಪ್ಪಲ್ಲ. ಆದರೆ ವೀರಣ್ಣನನ್ನು ಬಂಡಾಯಗಾರ ಮಾಡುವುದೂ ಸರಿಯಲ್ಲ. ಅವನು ವ್ಯವಸ್ಥೆ ಕೆಡವಲು ಹೊರಟವನಲ್ಲ. ಅರಸರಿಗೆ ನಿಷ್ಠನಾಗಿದ್ದ, ಪುರಾಣ ನಂಬಿದ್ದ, ದೇವರ ಪೂಜೆ ಮಾಡಿಯೇ ಪರದೆ ಎತ್ತಿಸ್ತಿದ್ದ. ಜನ ನಗಬೇಕು, ಜನ ಬರಬೇಕು, ಒಲೆ ಉರಿಯಬೇಕು. ಆ ಮೂರರ ಒಳಗೆ ಎಷ್ಟು ಸತ್ಯ ಹೇಳಲು ಆಗುತ್ತೋ ಅಷ್ಟು ಹೇಳಿದ.

ಹೆಂಗಸರು ರಂಗಕ್ಕೆ ಬಂದಾಗ

ಗಂಡಸರೇ ಸೀರೆ ಉಟ್ಟು ದ್ರೌಪದಿ, ಸೀತೆ ಆಗ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಅಂತ ಗಟ್ಟಿಯಾಗಿ ನಿಂತ ಕಂಪನಿಗಳಲ್ಲಿ ಗುಬ್ಬಿಯದು ಮುಖ್ಯ. ಸುಂದರಮ್ಮ, ಭದ್ರಮ್ಮ, ಆಮೇಲೆ ಬಿ. ಜಯಮ್ಮ, ಇವರು ರಂಗಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ರಂಗದ ಮೇಲೆ ಕುಣಿಯುವ, ಹಾಡುವ ಹೆಂಗಸಿಗೆ ಊರು ಏನು ಹೆಸರಿಡ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಜಯಮ್ಮ 1915ರಲ್ಲಿ ಹುಟ್ಟಿದವರು. ಅವರ ಕಂಠಕ್ಕೆ ಜನ ಟಿಕೆಟ್ ತಗೊಂಡರು. 1946ರ 'ಹೇಮರೆಡ್ಡಿ ಮಲ್ಲಮ್ಮ' ಸಿನಿಮಾದಲ್ಲಿ ಮಲ್ಲಮ್ಮ ಆದರು. ತೊಂಬತ್ತು ವರ್ಷದ ಅಜ್ಜಿಯರನ್ನು ಕೇಳಿ, ಮಲ್ಲಮ್ಮ ಅಂದರೆ ಅವರ ಕಣ್ಣಿಗೆ ಬರುವ ಮುಖ ಅದೇ.

ಆದರೆ ಇದನ್ನು ಬರೀ ಪ್ರಗತಿಯ ಕಥೆಯಾಗಿ ಹೇಳಿದರೆ ಅರ್ಧ ಹೇಳಿದ ಹಾಗೆ. ಕಂಪನಿಯ ಈ ಪ್ರಮುಖ ನಟಿಯರನ್ನು ವೀರಣ್ಣ ಮದುವೆಯಾದ. ಒಬ್ಬರಿಗಿಂತ ಹೆಚ್ಚು ಹೆಂಡತಿಯರು, ಒಂದೇ ಕಂಪನಿ, ಒಂದೇ ಯಜಮಾನ. ಮದುವೆ ಆ ಹೆಂಗಸರಿಗೆ ಊರ ಬಾಯಿಂದ ರಕ್ಷಣೆ ಕೊಟ್ಟಿರಬಹುದು. ಅದೇ ಮದುವೆ ಅವರ ದುಡಿಮೆಯನ್ನು ಮನೆಕೆಲಸದ ಲೆಕ್ಕಕ್ಕೂ ಸೇರಿಸಿತು. ನಟಿ ಸಂಬಳ ಕೇಳಬಹುದು, ಹೆಂಡತಿ ಯಾರನ್ನು ಕೇಳ್ತಾಳೆ? ಚರಿತ್ರೆಯಲ್ಲಿ ಕಂಪನಿ ವೀರಣ್ಣನದಾಯ್ತು. ರಾತ್ರಿ ಮೂರು ಗಂಟೆಗೆ ಹಾಡಿ ಬೆಳಗ್ಗೆ ಮಗುವಿಗೆ ಹಾಲು ಕೊಟ್ಟವರ ಹೆಸರು ಅಡಿಟಿಪ್ಪಣಿಗೆ ಹೋಯ್ತು.

ನಾನು ವೀರಣ್ಣನನ್ನು ಇವತ್ತಿನ ಕಟಕಟೆಗೆ ಎಳೆಯಲು ಇದನ್ನು ಹೇಳ್ತಿಲ್ಲ. ಇದು ಇನ್ನೂ ಮುಗಿದಿಲ್ಲ ಅಂತ ಹೇಳ್ತಿದ್ದೀನಿ. ನಮ್ಮ ಕಡೆಯ ಹಳ್ಳಿ ನಾಟಕಗಳಲ್ಲಿ ಊರ ಗಂಡಸರು ಪಾತ್ರ ತಗೋತಾರೆ. ದ್ರೌಪದಿ, ಕುಂತಿ, ಉತ್ತರೆಗೆ ಮಾತ್ರ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಕರೆಸ್ತಾರೆ. ಒಂದು ರಾತ್ರಿಗೆ ಇಷ್ಟು ಅಂತ ಸಂಬಳ. ಬಟ್ಟೆ ಬದಲಾಯಿಸಲು ಶಾಲೆಯ ಒಂದು ಕೊಠಡಿ, ಅದರ ಚಿಲಕ ಸರಿ ಇದ್ದರೆ ಪುಣ್ಯ. ಬೆಳಗ್ಗೆ ಮೊದಲ ಬಸ್ಸಿಗೆ ಒಬ್ಬರೇ ಕಾಯಬೇಕು. ರಂಗದ ಮೇಲೆ ದ್ರೌಪದಿಯ ಮಾನ ಕಾಪಾಡಲು ಕೃಷ್ಣ ಬರ್ತಾನೆ, ರಂಗ ಇಳಿದ ಮೇಲೆ ಆಕೆಗೆ ಆಟೋ ಕೂಡ ಬರಲ್ಲ. ನೂರು ವರ್ಷದ ಹಿಂದೆ ಹೆಣ್ಣು ರಂಗಕ್ಕೆ ಬಂದಳು ಅಂತ ಹೆಮ್ಮೆ ಪಡುವ ಜಿಲ್ಲೆ ಇದನ್ನೂ ನೋಡಬೇಕಲ್ವಾ?

ಆನೆ, ಕುದುರೆ ಮತ್ತು ಕ್ಯಾಮೆರಾ

ವೀರಣ್ಣನ ಬದುಕಿನ ಅತಿ ದೊಡ್ಡ ಸಾಹಸ 1930ರ ದಶಕದ 'ಕುರುಕ್ಷೇತ್ರ'. ಬಿ. ಪುಟ್ಟಸ್ವಾಮಯ್ಯನವರ ನಾಟಕ. ಯುದ್ಧದ ದೃಶ್ಯಕ್ಕೆ ನಿಜವಾದ ಆನೆ, ನಿಜವಾದ ಕುದುರೆಗಳನ್ನು ರಂಗಕ್ಕೆ ತಂದ. ಜನ ಗಾಡಿ ಕಟ್ಟಿಕೊಂಡು ಬಂದರು. ಆನೆ ರಂಗಕ್ಕೆ ಬಂತು ಅಂದರೆ ಅದಕ್ಕೆ ತಕ್ಕ ನೆಲ ಬೇಕು, ಬಾಗಿಲು ಬೇಕು, ದೀಪಕ್ಕೆ ಬೆದರದ ಹಾಗೆ ಪಳಗಿಸಬೇಕು, ಮೇವು ಬೇಕು. ಇದನ್ನು ಬರೀ ಆಡಂಬರ ಅಂತ ತಳ್ಳಿ ಹಾಕಿದವರೂ ಇದ್ದಾರೆ. ಓದಿದವರ ರಂಗಭೂಮಿಗೆ ಕಂಪನಿ ನಾಟಕ ಅಂದರೆ ಜರಿ, ಕಿರುಚಾಟ, ಬಣ್ಣ. ಆದರೆ ಜೀವಮಾನದಲ್ಲಿ ಒಮ್ಮೆಯೂ ಮೈಸೂರು ದಸರೆ ನೋಡಲು ಆಗದ ಕೂಲಿಯವನಿಗೆ ಆ ಆನೆ ಏನಾಗಿತ್ತು ಅಂತ ಅವರು ಕೇಳಲಿಲ್ಲ.

ನಾಟಕ ಬರೆದವರ ಕೈಯೂ ಇದರಲ್ಲಿದೆ. ತುಮಕೂರಿನ ಪಕ್ಕದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಕಂಪನಿಗೆ 'ಕೃಷ್ಣಲೀಲಾ'ದಂಥ ನಾಟಕ ಬರೆದುಕೊಟ್ಟರು. ಕನ್ನಡದ ಮೊದಲ ಟಾಕಿಗಳಲ್ಲಿ ಒಂದಾದ 1934ರ 'ಸತಿ ಸುಲೋಚನ'ಕ್ಕೆ ಮಾತು, ಹಾಡು ಬರೆದವರೂ ಅವರೇ. ಅಂದರೆ ಕನ್ನಡ ಸಿನಿಮಾ ಮಾತಾಡಲು ಕಲಿತದ್ದು ತುಮಕೂರು ಸೀಮೆಯ ಒಬ್ಬ ನಾಟಕದ ಮೇಷ್ಟ್ರಿಂದ.

ಸಿನಿಮಾ ಬರ್ತಿದೆ ಅಂತ ವೀರಣ್ಣನಿಗೆ ಬೇರೆ ಯಜಮಾನರಿಗಿಂತ ಮುಂಚೆ ಗೊತ್ತಾಯ್ತು. ಮಾತು ಬರುವ ಮೊದಲೇ, 1930ರ ದಶಕದ ಆರಂಭದಲ್ಲೇ ಮೂಕಿ ಚಿತ್ರಗಳಿಗೆ ಕೈ ಹಾಕಿದ. 'ಹರಿಮಾಯಾ' ತೆಗೆಸಿದ. ರಫೇಲ್ ಅಲ್ಗೋಯೆಟ್ ಅನ್ನೋ ಬೆಲ್ಜಿಯಂ ದೇಶದವನನ್ನು ನಿರ್ದೇಶಕನಾಗಿ ಇಟ್ಟುಕೊಂಡು 'ಹಿಸ್ ಲವ್ ಅಫೇರ್' ಮಾಡಿಸಿದ. ಗುಬ್ಬಿಯ ಹಾಸ್ಯಗಾರ ಯುರೋಪಿನ ತಂತ್ರಜ್ಞನಿಗೆ ಸಂಬಳ ಕೊಟ್ಟ. ಮುಂದೆ 'ಸುಭದ್ರಾ', 'ಜೀವನ ನಾಟಕ', 'ಗುಣಸಾಗರಿ'. ಬೆಂಗಳೂರಿನಲ್ಲೂ ಬೇರೆ ಊರುಗಳಲ್ಲೂ ನಾಟಕಕ್ಕೆ ಅಂತ ಗಟ್ಟಿ ಥಿಯೇಟರ್‌ಗಳನ್ನು ಕಟ್ಟಿಸಿದ. ಆ ಕಟ್ಟಡಗಳು ಒಂದೊಂದಾಗಿ ಸಿನಿಮಾ ಮಂದಿರಗಳಾದವು. ನಾಟಕಕ್ಕೆ ಕಟ್ಟಿದ ಮನೆಯಲ್ಲಿ ನಾಟಕಕ್ಕೇ ಜಾಗ ಇಲ್ಲದಂತಾಯ್ತು. ಅವನ ಬದುಕಿನ ದೊಡ್ಡ ವ್ಯಂಗ್ಯ ಇದೇ.

ಬೇಡರ ಕಣ್ಣಪ್ಪ

1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ನಿರ್ದೇಶನ ಎಚ್.ಎಲ್.ಎನ್. ಸಿಂಹ. ವೀರಣ್ಣನ ನಿರ್ಮಾಣ ಸಂಸ್ಥೆ ಇದರಲ್ಲಿ ಪಾಲುದಾರ. ನಾಯಕ ಮುತ್ತುರಾಜ್ ಅನ್ನೋ ಹುಡುಗ, ಈ ಚಿತ್ರದಿಂದ ಅವನ ಹೆಸರು ರಾಜಕುಮಾರ್. ಅವನ ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ದೊಡ್ಡ ನಟ. ಮಗ ಅದೇ ಕಂಪನಿಯಲ್ಲಿ ಬಾಲಪಾತ್ರ ಮಾಡುತ್ತಾ ಬೆಳೆದವನು. ಶಾಲೆಯ ಸರ್ಟಿಫಿಕೇಟಿಲ್ಲದ ಹುಡುಗನ ಕನ್ನಡ ಹೇಗೆ ಅಷ್ಟು ಸ್ಪಷ್ಟವಾಯ್ತು ಅಂತ ಜನ ಬೆರಗಾಗ್ತಾರೆ. ಅವನ ವಿಶ್ವವಿದ್ಯಾಲಯ ಅದೇ ತಟ್ಟಿ ಥಿಯೇಟರ್. ಅದೇ ಚಿತ್ರದಲ್ಲಿ ತಿಪಟೂರಿನ ನರಸಿಂಹರಾಜು ಇದ್ದರು, ಜಿ.ವಿ. ಅಯ್ಯರ್ ಇದ್ದರು. ಮುಂದೆ ಅಯ್ಯರ್ 'ಹಂಸಗೀತೆ' ಮಾಡಿದರು, 1983ರಲ್ಲಿ ದೇಶದ ಮೊದಲ ಸಂಸ್ಕೃತ ಚಲನಚಿತ್ರ 'ಆದಿ ಶಂಕರಾಚಾರ್ಯ' ಮಾಡಿದರು. ಇವರೂ ಗುಬ್ಬಿ ಕಂಪನಿಯ ಅನ್ನ ಉಂಡವರೇ.

ಮಧುಗಿರಿ, ಪಾವಗಡ, ಶಿರಾ ಅಂದರೆ ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ ಸೀಮೆ. ಬೇಡನೊಬ್ಬ ಮಾಂಸ ನೈವೇದ್ಯ ಇಟ್ಟು, ತನ್ನ ಕಣ್ಣನ್ನೇ ಕಿತ್ತು ಶಿವನಿಗೆ ಕೊಟ್ಟ ಕಥೆ ಇಲ್ಲಿಯ ಜನಕ್ಕೆ ಬರೀ ಭಕ್ತಿಯ ಕಥೆಯಲ್ಲ. ಮಡಿ ಇಲ್ಲದವನಿಗೆ ದೇವರು ಸಿಕ್ಕ, ಗರ್ಭಗುಡಿಯ ಯಜಮಾನನಿಗೆ ಸಿಗಲಿಲ್ಲ ಅನ್ನೋ ಕಥೆ. ವೀರಣ್ಣ ಇದನ್ನು ಹೋರಾಟದ ಹಾಡು ಅಂತ ಮಾಡಿಸಿರಲಿಕ್ಕಿಲ್ಲ, ಓಡುವ ಕಥೆ ಅಂತ ಮಾಡಿಸಿರಬಹುದು. ಜನ ಅದನ್ನು ತಮಗೆ ಬೇಕಾದ ಹಾಗೆ ನೋಡಿಕೊಂಡರು.

ಹಾಗೇ ಕುರುಕ್ಷೇತ್ರವನ್ನೂ ತಮ್ಮದು ಮಾಡಿಕೊಂಡರು. ದೊಡ್ಡ ಪಾತ್ರಗಳು ಒಂದು ಕಾಲಕ್ಕೆ ಊರ ಮುಖಂಡರ ಮನೆಯವರಿಗೇ ಮೀಸಲಿದ್ದವು. ಕಾಲೋನಿಯ ಹುಡುಗರು ತಮ್ಮದೇ ತಂಡ ಕಟ್ಟಿ, ತಾವೇ ಮೇಷ್ಟ್ರನ್ನು ಕರೆಸಿ, ತಾವೇ ಕೃಷ್ಣ, ತಾವೇ ಕರ್ಣ ಆದದ್ದನ್ನು ನಾನು ಕಣ್ಣಾರೆ ನೋಡಿದ್ದೀನಿ. ಅಂಬೇಡ್ಕರ್ ಫೋಟೋಗೆ ಹಾರ ಹಾಕಿ ಪರದೆ ಎತ್ತುತ್ತಾರೆ. ಕುಲ ಕೇಳಿದ ಸಭೆಯಲ್ಲಿ ಕರ್ಣ ತಲೆ ಎತ್ತಿ ನಿಂತಾಗ ಕೆಳಗೆ ಕೂತವರು ಹೊಡೆಯುವ ಶಿಳ್ಳೆಗೆ ಯಾವ ವಿಮರ್ಶಕನೂ ಇನ್ನೂ ಟಿಪ್ಪಣಿ ಬರೆದಿಲ್ಲ. ಜನ ಸಾಲ ಮಾಡಿ ಯಾಕೆ ನಾಟಕ ಆಡ್ತಾರೆ ಅನ್ನೋದಕ್ಕೆ ನನಗೆ ಸಿಕ್ಕ ಉತ್ತರ ಅಲ್ಲಿದೆ. ಒಂದು ರಾತ್ರಿಯ ಮಟ್ಟಿಗಾದರೂ ಇಡೀ ಊರು ತಲೆ ಎತ್ತಿ ತಮ್ಮನ್ನು ನೋಡಬೇಕು ಅನ್ನೋ ಆಸೆ. ಅದು ಘನತೆಯ ಪ್ರಶ್ನೆ.

1972

ಸ್ವಾತಂತ್ರ್ಯ ಬಂದ ಮೇಲೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 1972ರಲ್ಲಿ ಪದ್ಮಶ್ರೀ ಬಂತು. 'ಕಲೆಯೇ ಕಾಯಕ' ಅಂತ ಆತ್ಮಕಥೆಯೂ ಇದೆ. ಅಷ್ಟರಲ್ಲಿ ಕಂಪನಿ ಸೊರಗಿತ್ತು. ಸಿನಿಮಾ ನಟರನ್ನು ತಗೊಂಡು ಹೋಯ್ತು, ಪ್ರೇಕ್ಷಕರನ್ನು ತಗೊಂಡು ಹೋಯ್ತು, ಕಟ್ಟಡಗಳನ್ನೂ ತಗೊಂಡು ಹೋಯ್ತು. ಪದ್ಮಶ್ರೀ ಬಂದ ಅದೇ ವರ್ಷ ಅಕ್ಟೋಬರ್ 18ರಂದು ವೀರಣ್ಣ ತೀರಿಕೊಂಡ.

ಆ 1972 ಇನ್ನೊಂದು ಕಾರಣಕ್ಕೂ ಕನ್ನಡ ರಂಗಭೂಮಿಗೆ ಮುಖ್ಯ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಬಿ.ವಿ. ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ನಾಟಕಗಳನ್ನು ಆಡಿಸಿದರು. ಹವ್ಯಾಸಿ ರಂಗಭೂಮಿಯ ಹೊಸ ಯುಗ ಅಂತ ಎಲ್ಲರೂ ಬರೆದರು. ಈ ಕಾರಂತರು ಯಾರು? ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದವರು. ಹುಡುಗನಲ್ಲಿ ಏನೋ ಇದೆ ಅಂತ ಗುರುತಿಸಿ ಬನಾರಸ್ಸಿಗೆ ಓದಲು ಕಳಿಸಿದವನು ವೀರಣ್ಣ. ಹಳೆಯದು ಸತ್ತು ಹೊಸದು ಹುಟ್ಟಿತು ಅನ್ನೋ ಕಥೆ ಸುಳ್ಳು. ಹಳೆಯದೇ ಹೊಸದನ್ನು ಓದಿಸಿ ಕಳಿಸಿತ್ತು.

ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ಸಂಬಳ ಪಡೆಯುವ ಕಲಾವಿದರು, ಒಂದೇ ಜಾಗದಲ್ಲಿ ತಾಲೀಮು, ವರ್ಷಕ್ಕೊಮ್ಮೆ ಬಹುರೂಪಿ ಉತ್ಸವ. ಗುಬ್ಬಿ ಕಂಪನಿಯಲ್ಲಿ ಕಂಡ ಒಟ್ಟು ಬದುಕಿಗೆ ಸರ್ಕಾರದ ಸೂರು ಸಿಕ್ಕರೆ ಹೇಗಿರುತ್ತೋ ಹಾಗೆ. ಆದರೆ ಸರ್ಕಾರದ ಸೂರಿಗೆ ಅದರದೇ ಬೆಲೆ ಇದೆ. ಆಳುವ ಪಕ್ಷ ಬದಲಾದರೆ ನಿರ್ದೇಶಕರ ಕುರ್ಚಿ ಅಲ್ಲಾಡುತ್ತೆ, ಯಾವ ನಾಟಕ, ಯಾವ ಅತಿಥಿ ಅನ್ನೋದು ರಂಗಕ್ಕಿಂತ ಹೆಚ್ಚಾಗಿ ಟಿವಿಯಲ್ಲಿ ಚರ್ಚೆಯಾಗುತ್ತೆ.

ನ್ಯೂಯಾರ್ಕಿನ ಒಂದು ಕಂಪನಿ

ಹೋಲಿಕೆಗೆ ದೂರದ ಒಂದು ಉದಾಹರಣೆ ಕೊಡ್ತೀನಿ. ಅಮೆರಿಕದ ಟೆಕ್ಸಾಸಿನ ಬಡ ಕಪ್ಪು ಕುಟುಂಬದಲ್ಲಿ 1931ರಲ್ಲಿ ಆಲ್ವಿನ್ ಏಲಿ ಹುಟ್ಟಿದ. ಹತ್ತಿ ಬಿಡಿಸುವ ತಾಯಿ, ಬಿಳಿಯರಿಗೆ ಬೇರೆ ಕರಿಯರಿಗೆ ಬೇರೆ ಅನ್ನೋ ಊರು. ಅವನು 1958ರಲ್ಲಿ ಒಂದು ಆಧುನಿಕ ನೃತ್ಯ ಕಂಪನಿ ಕಟ್ಟಿದ. ಚರ್ಚಿನ ಹಾಡು, ಹೊಲದ ನೋವು, ತನ್ನ ಜನರ ನೆನಪು ಸೇರಿಸಿ 1960ರಲ್ಲಿ 'ರೆವಲೇಷನ್ಸ್' ಅನ್ನೋ ನೃತ್ಯ ಮಾಡಿದ. 1971ರಲ್ಲಿ ನ್ಯೂಯಾರ್ಕಿನ ಸಿಟಿ ಸೆಂಟರ್ ರಂಗಮಂದಿರಕ್ಕೆ ಬಂದ ಆ ಕಂಪನಿ ಇವತ್ತಿಗೂ ವರ್ಷದ ಕೊನೆಗೆ ವಾರಗಟ್ಟಲೆ ಅಲ್ಲೇ ಮೊಕ್ಕಾಂ ಹಾಕುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಅದು ಅವರ ಜಾತ್ರೆ. ಏಲಿ 1989ರ ಡಿಸೆಂಬರಿನಲ್ಲಿ ತೀರಿಕೊಂಡ. ಜೂಡಿತ್ ಜೇಮಿಸನ್ ಅನ್ನೋ ಹಿರಿಯ ನರ್ತಕಿ ಕಂಪನಿಯ ಚುಕ್ಕಾಣಿ ಹಿಡಿದು ಎರಡು ದಶಕ ನಡೆಸಿದಳು. ಕಂಪನಿ ನಿಲ್ಲಲಿಲ್ಲ.

ಯಾಕೆ ಅದು ಉಳೀತು, ಇದು ಉಳಿಯಲಿಲ್ಲ? ಪ್ರತಿಭೆಯಲ್ಲಿ ನಮ್ಮವನು ಕಡಿಮೆ ಇರಲಿಲ್ಲ. ಅಲ್ಲಿ ಒಂದು ಶಾಲೆ ಇತ್ತು, ಸ್ವಂತ ಕಟ್ಟಡ ಬಂತು, ದಾನದ ನಿಧಿ ಇತ್ತು, ನಡೆಸುವ ಮಂಡಳಿ ಇತ್ತು, ಪ್ರತಿ ವರ್ಷ ಇಂಥ ತಿಂಗಳು ಇಂಥ ರಂಗಮಂದಿರ ಅನ್ನೋ ಖಾತ್ರಿ ಇತ್ತು. ಯಜಮಾನ ಸತ್ತರೂ ಸಂಸ್ಥೆಗೆ ತನ್ನದೇ ಕಾಲುಗಳಿದ್ದವು. ಅವನ ನಂತರ ಕೀಲಿ ಕೈ ಒಬ್ಬ ಕಪ್ಪು ಹೆಂಗಸಿನ ಕೈಗೆ ಬಂತು ಅನ್ನೋದನ್ನೂ ಗಮನಿಸಿ. ಗುಬ್ಬಿ ಕಂಪನಿಯಲ್ಲಿ ಎಲ್ಲವೂ ಒಬ್ಬ ಮನುಷ್ಯನ ಹೆಗಲ ಮೇಲಿತ್ತು. ಸಾಲ ಅವನ ಹೆಸರಲ್ಲಿ, ಕೀರ್ತಿ ಅವನ ಹೆಸರಲ್ಲಿ. ಅವನ ಮಗಳು ಮಾಲತಮ್ಮ, ಮೊಮ್ಮಗಳು ಬಿ. ಜಯಶ್ರೀ ಆ ಪರಂಪರೆಯನ್ನು ಕೈಲಾದಷ್ಟು ಉಳಿಸಿದರು. ಜಯಶ್ರೀ ಅವರ ದನಿಯಲ್ಲಿ ಕಂಪನಿ ನಾಟಕದ ಹಾಡು ಕೇಳಿದವರಿಗೆ ಏನು ಕಳೆದುಕೊಂಡೆವು ಅಂತ ಗೊತ್ತಾಗುತ್ತೆ. 2010ರಿಂದ 2016ರವರೆಗೆ ಅವರು ರಾಜ್ಯಸಭೆಯಲ್ಲೂ ಇದ್ದರು. ಆದರೆ ಒಂದು ಮನೆತನ ಹೊರಬಹುದಾದ ಭಾರ ಅಲ್ಲ ಅದು.

ಹೆಸರು ಸಾಕು ಅಂದರೆ ಸಾಕಾಗಲ್ಲ

ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ. ನಾಟಕ ನಡೆಯುತ್ತೆ, ನಮ್ಮ ತಾಲ್ಲೂಕುಗಳ ತಂಡಗಳೂ ಅಲ್ಲಿ ಹೋಗಿ ಪೌರಾಣಿಕ ನಾಟಕ ಆಡ್ತಾರೆ. ರಾಜ್ಯ ಸರ್ಕಾರ ಅವನ ಹೆಸರಲ್ಲಿ ಪ್ರಶಸ್ತಿ ಕೊಡುತ್ತೆ. ಇದೆಲ್ಲ ಒಳ್ಳೇದೇ. ಆದರೆ ಪಾವಗಡದ ಗಡಿ ಹಳ್ಳಿಯಿಂದ ತುಮಕೂರಿಗೆ ಒಂದು ತಂಡ ಹೋಗಿ ಆಡಿ ಬರಬೇಕು ಅಂದರೆ ನೂರು ಕಿಲೋಮೀಟರ್ ದಾರಿ, ವ್ಯಾನು, ಸೀನರಿ, ಮೇಷ್ಟ್ರು, ಕಲಾವಿದೆಯರ ಸಂಬಳ. ತುಮಕೂರು–ರಾಯದುರ್ಗ ರೈಲು ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗುತ್ತೆ ಅಂತ ವರ್ಷಗಳಿಂದ ಕಾಯ್ತಾ ಇದ್ದೀವಿ. 1884ರಲ್ಲಿ ತುಮಕೂರಿಗೆ ಬಂದ ರೈಲಿಗೆ ನಮ್ಮೂರಿನ ದಾರಿ ಇನ್ನೂ ಸಿಕ್ಕಿಲ್ಲ. ಪಾವಗಡದ ಬಯಲಲ್ಲಿ ಎರಡು ಸಾವಿರ ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿದೆ, ಪಕ್ಕದ ಹಳ್ಳಿಯವರು ನಾಟಕಕ್ಕೆ ಇನ್ನೂ ಜನರೇಟರ್ ಬಾಡಿಗೆಗೆ ತರ್ತಾರೆ.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ನಾಲ್ಕು ತಾಲ್ಲೂಕಿಗೂ ಒಂದೊಂದು ಸರಿಯಾದ ರಂಗಮಂದಿರ, ಅದಕ್ಕೆ ದೀಪ, ಧ್ವನಿ, ಹೆಂಗಸರಿಗೆ ಚಿಲಕ ಇರುವ ಗ್ರೀನ್ ರೂಂ, ಶೌಚಾಲಯ. ಅದರ ಬೀಗ ರಾಜಕಾರಣಿಯ ಹುಟ್ಟುಹಬ್ಬಕ್ಕೆ ಮಾತ್ರ ತೆಗೆಯುವಂತಾಗಬಾರದು. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಇಂತಿಷ್ಟು ದಿನ ಊರ ತಂಡಗಳಿಗೆ ಬಾಡಿಗೆ ಇಲ್ಲದೆ ರಂಗ ಸಿಗುತ್ತೆ ಅನ್ನೋ ಖಾತ್ರಿ ಬೇಕು. ವೃತ್ತಿ ಕಲಾವಿದೆಯರಿಗೆ, ಹಾರ್ಮೋನಿಯಂ ಮೇಷ್ಟ್ರುಗಳಿಗೆ, ಸೀನರಿ ಕಟ್ಟುವವರಿಗೆ ಕಟ್ಟಡ ಕಾರ್ಮಿಕರಿಗೆ ಇರುವಂಥ ನೋಂದಣಿ, ವಿಮೆ ಬೇಕು. ಶಾಲೆಗಳಲ್ಲಿ ನಾಟಕದ ಮೇಷ್ಟ್ರು ಬೇಕು, ಹಾಗಾದರೆ ನಮ್ಮೂರ ಹೆಣ್ಣುಮಗಳೇ ನಾಳೆ ದ್ರೌಪದಿಯಾಗ್ತಾಳೆ, ಹೊರಗಿನಿಂದ ಕರೆಸಬೇಕಿಲ್ಲ.

ವೀರಣ್ಣ ಸಂತನಲ್ಲ. ಯಜಮಾನ, ವ್ಯಾಪಾರಿ, ಹಾಸ್ಯಗಾರ, ತನ್ನ ಕಾಲದ ಗಂಡಸು. ಆದರೆ ಅವನಿಗೆ ಒಂದು ವಿಷಯ ಗೊತ್ತಿತ್ತು. ಜನರಿಗೆ ಅನ್ನದ ಜೊತೆಗೆ ಒಂದು ರಾತ್ರಿಯ ವೈಭವವೂ ಬೇಕು, ಅದನ್ನು ಕೊಡಲು ಸಂಸ್ಥೆ ಬೇಕು, ಸಂಸ್ಥೆಗೆ ಒಲೆ ಬೇಕು. ಅವನು ಅದನ್ನು ಒಬ್ಬನೇ ಹೊತ್ತ. ಅವನ ನಂತರ ಹೊರಬೇಕಾದದ್ದು ಊರು, ತಾಲ್ಲೂಕು, ಸರ್ಕಾರ. ನಾವು ಹೊರಲಿಲ್ಲ. ಆದರೂ ನಮ್ಮೂರ ದುರ್ಯೋಧನ ಪೀಣ್ಯದಿಂದ ಕೊನೆ ಬಸ್ಸು ಹಿಡಿದು ಬರ್ತಾನೇ ಇದ್ದಾನೆ. ಈ ಸಲ ತಾಲ್ಲೂಕು ಪಂಚಾಯಿತಿ, ವಿಧಾನಸಭೆ ಅಂತ ವೋಟು ಕೇಳಲು ಬರುವವರಿಗೆ ರಸ್ತೆ, ನೀರು, ರೈಲಿನ ಜೊತೆ ರಂಗಮಂದಿರದ ಬಗ್ಗೆಯೂ ಒಂದು ಪ್ರಶ್ನೆ ಕೇಳಿ. ಉತ್ತರ ಬರಲಿಲ್ಲ ಅಂದರೆ ಮತ್ತೆ ಕೇಳಿ. ಒನ್ಸ್ ಮೋರ್ ಅನ್ನೋದು ನಮಗೆ ಹೊಸದೇನಲ್ಲ.